ಹಳೆಯ ಚಿತ್ರಗಳ ವ್ಯಾಜ್ಯ

ಹಳೆಯ ಚಲನಚಿತ್ರಗಳ ಅಭಿಮಾನಿಗಳು ನಾಲ್ವರು ಒಂದೆಡೆ ಕಲೆತರೆಂದರೆ ಅಲ್ಲಿ ವಾದವೊಂದು ಹುಟ್ಟದೆ ಇರುವುದಿಲ್ಲ. ಸಂಗೀತದ ರಸಿಕರು ರಾಗದ ಛಾಯೆಯನ್ನು ಕುರಿತು, ಯಕ್ಷಗಾನದ ಅಭಿಮಾನಿಗಳು ತೆಂಕುತಿಟ್ಟು ಬಡಗುತಿಟ್ಟುಗಳ ಹೆಚ್ಚುಗಾರಿಕೆಯನ್ನು ಕುರಿತು ಬೆಳಗಿನ ಜಾವದವರೆಗೂ ಚರ್ಚಿಸುವುದುಂಟು. ಚಿತ್ರಾಭಿಮಾನಿಗಳ ಚರ್ಚೆಯೂ ಅದೇ ಜಾತಿಯದು. ಒಂದು ಪಾತ್ರವನ್ನು ಯಾರು ಹೆಚ್ಚು ಚೆನ್ನಾಗಿ ಅಭಿನಯಿಸಿದರು, ಯಾವ ನಟ ರಂಗಭೂಮಿಯ ಗತ್ತನ್ನು ತೆರೆಯ ಮೇಲೂ ಉಳಿಸಿಕೊಂಡ, ಯಾವ ನಟ ಅದನ್ನು ಕಳಚಿಟ್ಟು ಗೆದ್ದ ಎಂಬಿವೇ ಅವರ ವಿಷಯಗಳು. ದೂರ ನಿಂತು ಕೇಳುವವರಿಗೆ ಇದು ಹೊತ್ತು ಕಳೆಯುವ ಹರಟೆಯೆನಿಸಬಹುದು. ಆದರೆ ಈ ವ್ಯಾಜ್ಯಗಳ ಒಳಹೊಕ್ಕು ನೋಡಿದರೆ ಒಂದು ವಿಚಿತ್ರ ಸಂಗತಿ ಗೋಚರವಾಗುತ್ತದೆ. ರಾಗದ ವಿಷಯದಲ್ಲಿ ಸಂದೇಹ ಬಂದರೆ ಬಲ್ಲವರೊಬ್ಬರು ಹಾಡಿ ತೋರಿಸಬಹುದು. ಕಾವ್ಯದ ವಿಷಯದಲ್ಲಿ ಬಂದರೆ ಓಲೆಗರಿಯನ್ನೋ ಅಚ್ಚಾದ ಪುಸ್ತಕವನ್ನೋ ಬಿಚ್ಚಬಹುದು. ಚಲನಚಿತ್ರದ ವ್ಯಾಜ್ಯದಲ್ಲಾದರೋ, ತೀರ್ಪು ಕೊಡಬಲ್ಲ ಏಕೈಕ ಸಾಕ್ಷಿಯಾದ ಆ ಚಿತ್ರವೇ ಎಷ್ಟೋ ಸಲ ಇಲ್ಲವಾಗಿರುತ್ತದೆ.

ರಾವಣನ ಪಾತ್ರವನ್ನೇ ತೆಗೆದುಕೊಳ್ಳಬಹುದು. ಗೋಕರ್ಣದ ಆತ್ಮಲಿಂಗದ ಕಥೆಯನ್ನುಳ್ಳ 'ಭೂಕೈಲಾಸ' 1958ರಲ್ಲಿ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ತಯಾರಾಯಿತು. ಎರಡನ್ನೂ ನಿರ್ದೇಶಿಸಿದವರು ಕೆ. ಶಂಕರ್. ಕನ್ನಡದ ರಾವಣ ರಾಜಕುಮಾರ್. ತೆಲುಗಿನ ರಾವಣ ಎನ್. ಟಿ. ರಾಮರಾವ್. ಒಂದೇ ಕಥೆ, ಒಬ್ಬನೇ ನಿರ್ದೇಶಕ, ಒಂದೇ ವರ್ಷ. ಇಬ್ಬರು ಮಹಾನಟರನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗಲು ಇದಕ್ಕಿಂತ ಅನುಕೂಲವಾದ ಸಂದರ್ಭ ಬೇರೆ ಸಿಕ್ಕದು. ರಾಮರಾಯರ ನಿಲುವಿನಲ್ಲಿ ಚಕ್ರವರ್ತಿಯ ಠೀವಿ ಹೆಚ್ಚೆಂದು ಒಬ್ಬರು ವಾದಿಸಿದರೆ, ಗುಬ್ಬಿ ಕಂಪೆನಿಯ ಗರಡಿಯಲ್ಲಿ ಪಳಗಿದ ರಾಜಕುಮಾರರ ಕಂಠದಲ್ಲಿ ಭಕ್ತನ ಆರ್ತತೆ ಹೆಚ್ಚೆಂದು ಮತ್ತೊಬ್ಬರು ಪಟ್ಟು ಹಿಡಿಯುತ್ತಾರೆ. ಅಷ್ಟರಲ್ಲಿ ಮೂಲೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರು, “ಸ್ವಾಮಿ, ನೀವಿಬ್ಬರೂ ನಡುವಿನಿಂದ ಕಥೆ ಹೇಳುತ್ತಿದ್ದೀರಿ. ಸುಬ್ಬಯ್ಯನಾಯ್ಡು ಅವರನ್ನು ಮರೆತಿರಾ?” ಎಂದು ಕೇಳುತ್ತಾರೆ. ಅವರು ಹೇಳುವುದೂ ನಿಜವೇ. ಅದಕ್ಕೆ ಹದಿನೆಂಟು ವರ್ಷ ಮೊದಲು, 1940ರಲ್ಲಿ, ಇದೇ ಕಥೆ ತೆಲುಗಿನಲ್ಲಿ ಚಿತ್ರವಾದಾಗ ರಾವಣನಾದವರು ಕನ್ನಡ ರಂಗಭೂಮಿಯ ಎಂ. ವಿ. ಸುಬ್ಬಯ್ಯನಾಯ್ಡು, ನಾರದನಾದವರು ಅವರ ನಾಟಕ ಮಂಡಲಿಯ ಪಾಲುದಾರ ಆರ್. ನಾಗೇಂದ್ರರಾವ್. ಕನ್ನಡದ ಕಲಾವಿದರು ತೆಲುಗು ಚಿತ್ರದಲ್ಲಿ ಮೆರೆದ ಈ ಸಂಗತಿ ಹೊರಬಿದ್ದೊಡನೆ ವಾದ ಮತ್ತೊಂದು ದಾರಿ ಹಿಡಿಯುತ್ತದೆ.

ಇನ್ನೂ ಹಿಂದಕ್ಕೆ ಹೋದರೆ ದಾರಿಯೇ ಮುಗಿದುಹೋಗುತ್ತದೆ. ಕನ್ನಡದ ಮೊಟ್ಟಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆ ಕಂಡಿತು. ವ್ಯಾಪಾರಿಯಾದ ಚಮನ್‌ಲಾಲ್ ಡೂಂಗಾಜಿ ಅದರ ನಿರ್ಮಾಪಕರು, ವೈ. ವಿ. ರಾವ್ ನಿರ್ದೇಶಕರು, ಸಾಹಿತ್ಯ ರಚಿಸಿದವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ಮಾತನಾಡುವ ಚಿತ್ರವನ್ನು ತೆಗೆಯುವ ಸೌಕರ್ಯ ಅಂದು ಮೈಸೂರು ಸೀಮೆಯಲ್ಲಿ ಇರಲಿಲ್ಲವಾದ್ದರಿಂದ ಇಡೀ ತಂಡ ಕೊಲ್ಲಾಪುರಕ್ಕೆ ಹೋಗಿ ಅಲ್ಲಿನ ಛತ್ರಪತಿ ಸ್ಟುಡಿಯೋದಲ್ಲಿ ಬೀಡುಬಿಟ್ಟಿತು. ಸುಬ್ಬಯ್ಯನಾಯ್ಡು ಇಂದ್ರಜಿತುವಾದರು, ತ್ರಿಪುರಾಂಬ ಸುಲೋಚನೆಯಾದರು, ಲಕ್ಷ್ಮೀಬಾಯಿ ಮಂಡೋದರಿಯಾದರು, ನಾಗೇಂದ್ರರಾಯರು ರಾವಣನಾದರು. ಕನ್ನಡ ತೆರೆಯ ಮೊದಲ ರಾವಣ ಹೇಗೆ ನಿಂತ, ಮಗನ ಸಾವಿನ ಸುದ್ದಿ ಕೇಳಿದಾಗ ಅವನ ಧ್ವನಿ ಹೇಗೆ ಬಿರಿಯಿತು ಎಂದು ಇಂದು ಯಾರನ್ನು ಕೇಳುವುದು? ಆ ಚಿತ್ರದ ಒಂದು ಪ್ರತಿಯೂ ಉಳಿದು ಬಂದಿಲ್ಲ. ಚಿತ್ರವನ್ನು ಕಂಡ ತಲೆಮಾರು ಕೂಡ ಕಣ್ಮರೆಯಾಗಿದೆ. ಉಳಿದಿರುವುದು ಕೆಲವು ಸ್ಥಿರಚಿತ್ರಗಳು, ಕೆಲವು ನೆನಪಿನ ಬರಹಗಳು. ಕನ್ನಡದ ಮೊದಲ ಶಾಸನವಾದ ಹಲ್ಮಿಡಿಯ ಕಲ್ಲು ಹದಿನೈದು ಶತಮಾನಗಳನ್ನು ದಾಟಿ ಬಂದಿತು. ಮೊದಲ ವಾಕ್ಚಿತ್ರಕ್ಕೆ ಒಂದು ಶತಮಾನವನ್ನು ದಾಟುವುದೂ ಸಾಧ್ಯವಾಗಲಿಲ್ಲ.

ಹೀಗಾದುದು ಕನ್ನಡಕ್ಕೆ ಮಾತ್ರವಲ್ಲ. 1931ರಲ್ಲಿ ಮುಂಬಯಿಯಲ್ಲಿ ತೆರೆ ಕಂಡ ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ'ಗೂ ಇದೇ ಗತಿ ಒದಗಿತು. ಮೂಕಿಚಿತ್ರಗಳ ಕಾಲದಲ್ಲಿ ನಮ್ಮ ದೇಶದಲ್ಲಿ ಸಾವಿರಕ್ಕೂ ಮಿಗಿಲಾಗಿ ಚಿತ್ರಗಳು ತಯಾರಾದವು. ಅವುಗಳಲ್ಲಿ ಉಳಿದವು ತೀರ ಕೆಲವೇ. ಇದಕ್ಕೆ ಕಾರಣ ಆ ಕಾಲದ ಫಿಲ್ಮಿನಲ್ಲಿಯೇ ಇತ್ತು. 1950ರ ಸುಮಾರಿನವರೆಗೂ ಚಲನಚಿತ್ರದ ಸುರುಳಿಗಳನ್ನು ಸೆಲ್ಯುಲೋಸ್ ನೈಟ್ರೇಟ್ ಎಂಬ ಪದಾರ್ಥದಿಂದ ಮಾಡುತ್ತಿದ್ದರು. ಅದು ಕಿಡಿ ಸೋಕಿದರೆ ಸಾಕು, ಭಗ್ಗನೆ ಹತ್ತಿ ಉರಿಯುತ್ತದೆ, ನೀರೆರಚಿದರೂ ಆರದು. ಬೆಂಕಿ ತಗಲದಿದ್ದರೂ ಸೆಕೆಗೆ, ತೇವಕ್ಕೆ ಅದು ತಾನಾಗಿಯೇ ಕೊಳೆಯುತ್ತದೆ. ಮೊದಲು ಬಿಂಬಗಳು ಮಸುಕಾಗುತ್ತವೆ, ಆಮೇಲೆ ಸುರುಳಿ ಬೆಲ್ಲದ ಪಾಕದಂತೆ ಅಂಟಂಟಾಗುತ್ತದೆ, ಕಡೆಗೆ ಕಂದುಬಣ್ಣದ ಪುಡಿಯಾಗಿ ಡಬ್ಬಿಯ ತಳದಲ್ಲಿ ನಿಲ್ಲುತ್ತದೆ. ಜೊತೆಗೆ ಮತ್ತೊಂದು ಆಪತ್ತಿತ್ತು. ಬಿಂಬವನ್ನು ಮೂಡಿಸುವುದು ಬೆಳ್ಳಿಯ ಕಣಗಳು. ಚಿತ್ರದ ಓಟ ಮುಗಿದ ಮೇಲೆ ಅದರಿಂದ ಇನ್ನೇನೂ ಹುಟ್ಟದೆಂದು ಬಗೆದ ಮಾಲೀಕರು ಸುರುಳಿಗಳನ್ನು ತೂಕಕ್ಕೆ ಮಾರುತ್ತಿದ್ದರು; ಕೊಂಡವರು ಅವನ್ನು ತೊಳೆದು ಬೆಳ್ಳಿಯನ್ನು ತೆಗೆದುಕೊಳ್ಳುತ್ತಿದ್ದರು. ಎಷ್ಟು ಮಂದಿ ನಟರ ಮುಖಗಳು ಹೀಗೆ ಅಕ್ಕಸಾಲಿಗರ ಮೂಸೆಯನ್ನು ಸೇರಿದವೋ!

ಈ ಹಾಳಾಗುವಿಕೆಯನ್ನು ತಡೆಯಲು 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಯಿತು. ಅದರೊಡನೆ ಸೇರಿಹೋದ ಹೆಸರು ಪಿ. ಕೆ. ನಾಯರ್ ಅವರದು. ಎಲ್ಲಿ ಹಳೆಯ ಡಬ್ಬಿಯಿದೆಯೆಂದು ಸುಳಿವು ಸಿಕ್ಕರೂ ಅಲ್ಲಿಗೆ ಧಾವಿಸುವುದು ಅವರ ಬಾಳಿನ ವ್ರತವಾಯಿತು. ದಾದಾಸಾಹೇಬ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ', 'ಕಾಳಿಯ ಮರ್ದನ' ಚಿತ್ರಗಳ ಉಳಿದ ಸುರುಳಿಗಳನ್ನು ಅವರು ಫಾಲ್ಕೆಯವರ ಮನೆತನದವರಿಂದ ಪಡೆದು ಉಳಿಸಿದರು. ಒಳ್ಳೆಯ ಚಿತ್ರ, ಕೆಟ್ಟ ಚಿತ್ರ ಎಂಬ ಭೇದವನ್ನು ಅವರು ಮಾಡಲಿಲ್ಲ. ಇಂದಿನವರು ಕಸವೆಂದು ಎಸೆದುದನ್ನು ನಾಳಿನವರು ಹುಡುಕಿಕೊಂಡು ಬಂದಾರು ಎಂಬ ಎಚ್ಚರ ಅವರಿಗಿತ್ತು. ಹಾಗಿದ್ದೂ ಕಾಲ ಸುಮ್ಮನಿರಲಿಲ್ಲ. 2003ರ ಜನವರಿಯಲ್ಲಿ ಪುಣೆಯಲ್ಲಿ ನೈಟ್ರೇಟ್ ಸುರುಳಿಗಳ ಉಗ್ರಾಣಕ್ಕೆ ಬೆಂಕಿ ಬಿದ್ದು ಅನೇಕ ಹಳೆಯ ಚಿತ್ರಗಳ ಮೂಲಪ್ರತಿಗಳು ಬೂದಿಯಾದವು. ನಾಯರ್ ಅವರು 2016ರಲ್ಲಿ ತೀರಿಕೊಂಡರು.

ಕೊಳೆತು ಹೋದುದಕ್ಕೆ, ಉರಿದು ಹೋದುದಕ್ಕೆ ಯಾರನ್ನು ದೂರುವುದು? ಅಭಿಮಾನಿಗಳು ನಿಟ್ಟುಸಿರಿಟ್ಟು ಸುಮ್ಮನಾಗುತ್ತಾರೆ. ಆದರೆ ಸುರುಳಿ ಡಬ್ಬಿಯಲ್ಲಿ ಭದ್ರವಾಗಿದ್ದೂ, ತೆರೆ ಸಿದ್ಧವಾಗಿದ್ದೂ, ಜನ ಕಾದಿದ್ದೂ ತೋರಿಸಕೂಡದೆಂಬ ಆಜ್ಞೆಯಿಂದ ಕತ್ತಲಲ್ಲಿ ಉಳಿದ ಚಿತ್ರಗಳ ಮಾತು ಬಂದಾಗ ವ್ಯಾಜ್ಯಕ್ಕೆ ಕಾವು ಏರುತ್ತದೆ.

ಇಂಥ ಆಜ್ಞೆಗಳ ಇತಿಹಾಸ ಬ್ರಿಟಿಷರ ಕಾಲದಿಂದಲೇ ಮೊದಲಾಗುತ್ತದೆ. 1918ರಲ್ಲಿ ಚಲನಚಿತ್ರಗಳನ್ನು ಕುರಿತ ಕಾಯಿದೆ ಬಂದಿತು. 1921ರಲ್ಲಿ ಮುಂಬಯಿಯ ಕೊಹಿನೂರ್ ಕಂಪೆನಿ 'ಭಕ್ತ ವಿದುರ'ನೆಂಬ ಮೂಕಿಚಿತ್ರವನ್ನು ತಯಾರಿಸಿತು. ಕಥೆ ಮಹಾಭಾರತದ್ದು, ಆಕ್ಷೇಪಕ್ಕೆ ಎಡೆಯೇ ಇಲ್ಲ. ಆದರೆ ತೆರೆಯ ಮೇಲಿನ ವಿದುರ ಖಾದಿ ಉಟ್ಟು, ಗಾಂಧಿ ಟೋಪಿ ಧರಿಸಿ ಬಂದಿದ್ದ! ಮದ್ರಾಸಿನಲ್ಲಿಯೂ ಕರಾಚಿಯಲ್ಲಿಯೂ ಅಧಿಕಾರಿಗಳು ಆ ಚಿತ್ರವನ್ನು ನಿಷೇಧಿಸಿದರು. ಒಂದು ಮಾತನ್ನೂ ಆಡದ ಚಿತ್ರವೊಂದು ಒಂದು ಸಾಮ್ರಾಜ್ಯವನ್ನು ಅಳುಕಿಸಿತೆಂಬುದು ಇಂದಿಗೂ ಸೋಜಿಗವೇ.

ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ಹೊಸ ಕಾಯಿದೆ ಬಂದಿತಾದರೂ ಚಿತ್ರವನ್ನು ಮೊದಲು ಸರಕಾರದ ಮಂಡಳಿಗೆ ತೋರಿಸಿ, ಪ್ರಮಾಣಪತ್ರ ಪಡೆದು, ಆಮೇಲೆ ಜನರಿಗೆ ತೋರಿಸಬೇಕೆಂಬ ಕ್ರಮ ಹಾಗೆಯೇ ಉಳಿಯಿತು. ಪುಸ್ತಕಕ್ಕೆ ಇಲ್ಲದ ಈ ಕಟ್ಟಳೆ ಚಿತ್ರಕ್ಕೆ ಮಾತ್ರ ಏಕೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡು ಖ್ವಾಜಾ ಅಹಮದ್ ಅಬ್ಬಾಸರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ನಾಲ್ಕು ನಗರಗಳ ಸಿರಿತನ ಬಡತನಗಳನ್ನು ತೋರಿಸುವ ಅವರ ಕಿರುಚಿತ್ರಕ್ಕೆ ಮಂಡಳಿ ಅಡ್ಡಿ ಒಡ್ಡಿತ್ತು. 1970ರಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಕೊಟ್ಟ ತೀರ್ಪು ಪೂರ್ವಪರೀಕ್ಷೆಯ ಪದ್ಧತಿಯನ್ನು ಎತ್ತಿಹಿಡಿಯಿತು. ಬೇರೆ ಯಾವ ಕಲೆಗಿಂತಲೂ ಚಲನಚಿತ್ರ ಮನುಷ್ಯನ ಭಾವನೆಗಳನ್ನು ಹೆಚ್ಚು ಆಳವಾಗಿ ಕಲಕುತ್ತದೆ ಎಂಬುದು ಅದರ ಸಾರ. ಅಭಿಮಾನಿಗಳಿಗೆ ಈ ಮಾತು ಇಕ್ಕಟ್ಟಿನದು. ತಾವು ಪ್ರೀತಿಸುವ ಕಲೆ ಎಲ್ಲಕ್ಕಿಂತ ಬಲಶಾಲಿಯೆಂದು ನ್ಯಾಯಾಲಯವೇ ಒಪ್ಪಿದುದಕ್ಕೆ ಹಿಗ್ಗಬೇಕೋ, ಆ ಬಲಕ್ಕಾಗಿಯೇ ಅದನ್ನು ಕಟ್ಟಿಹಾಕಿದುದಕ್ಕೆ ಕುಗ್ಗಬೇಕೋ?

ಇದೇ ಕಾಲದಲ್ಲಿ ಕನ್ನಡದ ಚಿತ್ರವೊಂದು ಈ ಪ್ರಶ್ನೆಯ ನಡುವೆ ಸಿಕ್ಕಿಕೊಂಡಿತು. ಅದು 'ಸಂಸ್ಕಾರ'.

ಅದರ ಹುಟ್ಟೇ ಒಂದು ಸ್ವಾರಸ್ಯ. ಯು. ಆರ್. ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಸ್ವೀಡನ್ನಿನ ಇಂಗ್‌ಮಾರ್ ಬರ್ಗ್‌ಮನ್ ಅವರ 'ಸೆವೆಂತ್ ಸೀಲ್' ಚಿತ್ರವನ್ನು ನೋಡಿದರು. ಮಧ್ಯಯುಗದ ಯೂರೋಪು, ಪ್ಲೇಗಿನ ಸಾವು, ದೇವರ ಮೌನ ಇವು ಅದರ ವಸ್ತು. ಭಾಷೆ ಅರ್ಥವಾಗದಿದ್ದರೂ ಚಿತ್ರ ಅವರ ಮನಸ್ಸನ್ನು ಕಲಕಿ, ಹುಟ್ಟೂರಿನ ಅಗ್ರಹಾರಗಳ ನೆನಪನ್ನು ಎಬ್ಬಿಸಿತು. ಅದರಿಂದ ಹೊಮ್ಮಿದ ಕಾದಂಬರಿ 1965ರಲ್ಲಿ ಪ್ರಕಟವಾಯಿತು. ಚಿತ್ರದಿಂದ ಹುಟ್ಟಿದ ಕಾದಂಬರಿ ಐದು ವರ್ಷಗಳಲ್ಲಿ ಮತ್ತೆ ಚಿತ್ರವಾಯಿತು. ಅದನ್ನು ನಿರ್ಮಿಸಿ ನಿರ್ದೇಶಿಸಿದವರು ತೆಲುಗಿನ ಕವಿ ಪಟ್ಟಾಭಿರಾಮ ರೆಡ್ಡಿ. ಚಿತ್ರಕಥೆ ಗಿರೀಶ ಕಾರ್ನಾಡರದು. ಕ್ಯಾಮರಾ ಹಿಡಿದವರು ಆಸ್ಟ್ರೇಲಿಯದ ಟಾಮ್ ಕೊವನ್. ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದು. ಶೃಂಗೇರಿಯ ಬಳಿಯ ವೈಕುಂಠಪುರದಲ್ಲಿ, ಲಕ್ಷ ರೂಪಾಯಿಗೂ ಒಳಗಿನ ವೆಚ್ಚದಲ್ಲಿ, ಕಪ್ಪು ಬಿಳುಪಿನಲ್ಲಿ ಚಿತ್ರ ಸಿದ್ಧವಾಯಿತು. ತೆಲುಗರು, ಆಸ್ಟ್ರೇಲಿಯದವರು, ಮದ್ರಾಸಿನ ಹವ್ಯಾಸಿ ನಾಟಕದ ಮಂದಿ ಸೇರಿ ಕನ್ನಡದ ಹೊಸ ಅಲೆಗೆ ನಾಂದಿ ಹಾಡಿದರೆಂಬುದನ್ನು ಭಾಷಾಭಿಮಾನಿಗಳು ಒಮ್ಮೊಮ್ಮೆ ಮರೆಯುತ್ತಾರೆ.

ಕಥೆ ಸರಳವಾದುದು; ಪ್ರಶ್ನೆ ಮಾತ್ರ ಗಹನವಾದುದು. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪನೆಂಬವನು ತೀರಿಕೊಂಡಿದ್ದಾನೆ. ಬದುಕಿದ್ದಾಗ ಆಚಾರಗಳನ್ನೆಲ್ಲ ಧಿಕ್ಕರಿಸಿದವನು ಅವನು. ಆದರೂ ಅವನಿಗೆ ಬಹಿಷ್ಕಾರ ಹಾಕಿರಲಿಲ್ಲ. ಈಗ ಅವನ ಶವಕ್ಕೆ ಸಂಸ್ಕಾರ ಮಾಡಬೇಕಾದವರು ಯಾರು? ಹೆಣ ಎತ್ತುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಪಂಡಿತೋತ್ತಮರಾದ ಪ್ರಾಣೇಶಾಚಾರ್ಯರು ತಾಳೆಗರಿಗಳನ್ನೆಲ್ಲ ಶೋಧಿಸುತ್ತಾರೆ, ಉತ್ತರ ಸಿಗುವುದಿಲ್ಲ. ಮಾರುತಿಯ ಗುಡಿಗೆ ಹೋಗಿ ಮೊರೆಯಿಡುತ್ತಾರೆ, ಅಲ್ಲಿಯೂ ಅಪ್ಪಣೆಯಾಗುವುದಿಲ್ಲ. ಇತ್ತ ಇಲಿಗಳು ಬಿದ್ದು ಸಾಯತೊಡಗುತ್ತವೆ. ನಾರಣಪ್ಪನೊಡನೆ ಬಾಳಿದ ಚಂದ್ರಿ, ಸಂಸ್ಕಾರದ ವೆಚ್ಚಕ್ಕೆಂದು ತನ್ನ ಒಡವೆಗಳನ್ನು ಬಿಚ್ಚಿ ಆಚಾರ್ಯರ ಮುಂದೆ ಇಟ್ಟಿದ್ದವಳು, ಕಡೆಗೆ ಯಾರಿಗೂ ತಿಳಿಯದಂತೆ ಒಬ್ಬ ಮುಸಲ್ಮಾನನ ನೆರವಿನಿಂದ ಶವವನ್ನು ಸುಡಿಸುತ್ತಾಳೆ. ಶಾಸ್ತ್ರಜ್ಞರಿಗೆ ಬಗೆಹರಿಯದುದನ್ನು ಅವಳು ಒಂದು ಇರುಳಿನಲ್ಲಿ ಬಗೆಹರಿಸಿಬಿಡುತ್ತಾಳೆ. ಆಚಾರ್ಯರ ಪ್ರಶ್ನೆಯಾದರೋ ಅಲ್ಲಿಗೆ ಮುಗಿಯದೆ ಅವರ ಬಾಳನ್ನೇ ಹಿಡಿದು ಅಲುಗಿಸುತ್ತದೆ.

ಮದ್ರಾಸಿನ ಸೆನ್ಸಾರ್ ಮಂಡಳಿ ಈ ಚಿತ್ರವನ್ನು ನಿಷೇಧಿಸಿತು. ಜಾತಿಯ ಕಟ್ಟುಪಾಡುಗಳನ್ನು ಹೀಗೆ ಬಯಲಿಗಿಟ್ಟರೆ ಜನರಲ್ಲಿ ಕ್ಷೋಭೆಯುಂಟಾದೀತು ಎಂಬುದು ಅದರ ಅಂಜಿಕೆ. ಒಂದು ಚಿತ್ರವನ್ನು ತಡೆಹಿಡಿದಾಗ ಯಾವಾಗಲೂ ಆಗುವ ವಿಪರೀತವೇ ಇಲ್ಲಿಯೂ ಆಯಿತು. ಚಿತ್ರವನ್ನು ಕಂಡವರು ಬೆರಳೆಣಿಕೆಯ ಮಂದಿ; ಅದರ ಬಗೆಗೆ ಮಾತನಾಡಲು ಎಲ್ಲರೂ ಸಿದ್ಧ. ಕಾದಂಬರಿ ಪುಸ್ತಕದಂಗಡಿಗಳಲ್ಲಿ ಯಾರು ಕೊಂಡರೂ ಸಿಗುವಂತಿತ್ತು. ಅದೇ ಕಥೆ ತೆರೆಯ ಮೇಲೆ ನಿಷಿದ್ಧವಾಗಿತ್ತು. ಕೊನೆಗೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ನಡುವೆ ಬಂದು ನಿಷೇಧವನ್ನು ತೆರವು ಮಾಡಿತು. ಚಿತ್ರ ಬಿಡುಗಡೆಯಾಯಿತು. ಅಂಜಿದ್ದ ಅನಾಹುತವೇನೂ ಆಗಲಿಲ್ಲ. ಅಷ್ಟೇ ಅಲ್ಲ, 1970ನೆಯ ಸಾಲಿನ ಅತ್ಯುತ್ತಮ ಭಾರತೀಯ ಕಥಾಚಿತ್ರವೆಂದು ರಾಷ್ಟ್ರಪ್ರಶಸ್ತಿ ಅದಕ್ಕೆ ಸಂದಿತು. ಕನ್ನಡಕ್ಕೆ ಆ ಗೌರವ ಬಂದುದು ಅದೇ ಮೊದಲು. ಸರಕಾರದ ಒಂದು ಕೈ ಮುಚ್ಚಿಟ್ಟುದನ್ನು ಇನ್ನೊಂದು ಕೈ ಹಾರ ಹಾಕಿ ಬರಮಾಡಿಕೊಂಡಿತು.

ಇಷ್ಟಾದ ಮೇಲೂ ಅಭಿಮಾನಿಗಳ ಚಾವಡಿಯಲ್ಲಿ 'ಸಂಸ್ಕಾರ'ದ ವ್ಯಾಜ್ಯ ಮುಗಿದಿಲ್ಲ. ಕಾರ್ನಾಡರು ಆಗ ಮೂವತ್ತರ ಆಸುಪಾಸಿನವರು. ಕಾದಂಬರಿಯ ಆಚಾರ್ಯರು ನಡುವಯಸ್ಸಿಗೆ ಬಂದವರು. ಆ ಎಳೆಯ ಮುಖದಲ್ಲಿ ಇಪ್ಪತ್ತು ವರ್ಷಗಳ ಕಠಿಣ ವ್ರತದ ಗುರುತು ಕಾಣುವುದೇ ಎಂದು ಕೆಲವರು ಕೇಳುತ್ತಾರೆ. ಆ ಮುಖದ ಕಳವಳವೇ ಪಾತ್ರದ ಜೀವವೆಂದು ಬೇರೆಯವರು ಉತ್ತರ ಕೊಡುತ್ತಾರೆ. ಪಿ. ಲಂಕೇಶರ ನಾರಣಪ್ಪ ತೆರೆಯ ಮೇಲೆ ಇರುವುದು ಸ್ವಲ್ಪ ಹೊತ್ತೇ ಆದರೂ ಅವನ ಅಟ್ಟಹಾಸ ಕೊನೆಯವರೆಗೂ ಕೇಳುತ್ತಿರುತ್ತದೆಂಬುದರಲ್ಲಿ ಎರಡು ಮಾತಿಲ್ಲ. ಹವ್ಯಾಸಿಗಳು ಅಭಿನಯಿಸಿದುದು ಹೆಚ್ಚೋ ಕೊರತೆಯೋ ಎಂಬುದು ಮತ್ತೊಂದು ತಕರಾರು. 'ಬೇಡರ ಕಣ್ಣಪ್ಪ'ನಿಂದ ಹಿಡಿದು ವೃತ್ತಿನಟರ ಗಂಭೀರ ವಾಕ್ಸರಣಿಗೆ ಕಿವಿ ಒಗ್ಗಿದವರಿಗೆ ಇಲ್ಲಿನ ಮೆಲುಮಾತು ಸಪ್ಪೆಯೆನಿಸುತ್ತದೆ. ಅಗ್ರಹಾರದ ಜಗಲಿಯಲ್ಲಿ ಯಾರೂ ಕಂಪೆನಿ ನಾಟಕದ ಧಾಟಿಯಲ್ಲಿ ಮಾತನಾಡರು ಎಂಬುದು ಎದುರು ಪಕ್ಷದವರ ವಾದ. ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಕಣ್ಣಪ್ಪನ ಭಕ್ತಿಗೆ ಎತ್ತರದ ಕಂಠ ಬೇಕು. ಪ್ರಾಣೇಶಾಚಾರ್ಯರ ಸಂಶಯಕ್ಕೆ ಅದು ಒಗ್ಗದು. ಒಂದು ಅಳತೆಗೋಲಿನಿಂದ ಎರಡನ್ನೂ ಅಳೆಯಹೊರಡುವುದರಿಂದಲೇ ಅರ್ಧಕ್ಕರ್ಧ ಜಗಳ.

ನಿಷೇಧವನ್ನು ಕುರಿತ ಚರ್ಚೆ ಇಷ್ಟು ಹಗುರವಾದುದಲ್ಲ. ಮಂಡಳಿಯ ಪರವಾಗಿ ಮಾತನಾಡುವವರೂ ಉಂಟು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಪುಸ್ತಕವನ್ನು ಒಬ್ಬನು ಏಕಾಂತದಲ್ಲಿ ಓದುತ್ತಾನೆ, ಒಪ್ಪದಿದ್ದರೆ ಮಡಿಸಿಡುತ್ತಾನೆ. ಚಿತ್ರವನ್ನು ಕತ್ತಲಲ್ಲಿ ಕುಳಿತ ಐನೂರು ಮಂದಿ ಒಮ್ಮೆಲೇ ನೋಡುತ್ತಾರೆ, ಅವರಲ್ಲಿ ಒಬ್ಬನ ಸಿಟ್ಟು ಎಲ್ಲರ ಸಿಟ್ಟಾಗಲು ಕ್ಷಣ ಸಾಕು ಎಂಬುದು ಅವರ ನಿಲುವು. ಒಂದು ಪಂಗಡದ ಆಚಾರಗಳನ್ನು ತೆರೆಯ ಮೇಲೆ ಕಂಡು ನೊಂದವರ ನೋವೂ ಸುಳ್ಳಲ್ಲ. ಆದರೆ ಎದುರುವಾದಿಗಳು ಕೇಳುವ ಪ್ರಶ್ನೆ ಇನ್ನೂ ತೀಕ್ಷ್ಣವಾದುದು. ಓದುಬಲ್ಲವರಿಗೆ ಪುಸ್ತಕ ಇದ್ದೇ ಇದೆ. ಚಿತ್ರವನ್ನು ಮುಚ್ಚಿದರೆ ಅದು ಮುಚ್ಚುವುದು ಅಕ್ಷರವಿಲ್ಲದವರಿಗೆ ಮಾತ್ರ. ಹಾಗಾದರೆ ವಿಚಾರ ಮಾಡುವ ಹಕ್ಕು ಓದಿದವರ ಸೊತ್ತೇ? ಈ ಪ್ರಶ್ನೆಗೆ ಮಂಡಳಿಯ ಪರ ವಹಿಸಿದವರು ಸಮರ್ಪಕವಾದ ಉತ್ತರ ಕೊಟ್ಟುದು ಕಾಣೆ.

ಚಂದ್ರಿಯ ಪಾತ್ರವನ್ನು ವಹಿಸಿದವರು ನಿರ್ದೇಶಕರ ಪತ್ನಿ ಸ್ನೇಹಲತಾ ರೆಡ್ಡಿ. ಮದ್ರಾಸ್ ಪ್ಲೇಯರ್ಸ್ ಎಂಬ ನಾಟಕ ತಂಡವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಈ ಚಿತ್ರದಲ್ಲಿ ಅವರ ಮಾತುಗಳು ಕಡಿಮೆ; ನೋಟವೇ ಹೆಚ್ಚು. ಅವರ ಅಭಿನಯದ ಮಾತು ಬಂದಾಗ ಚಾವಡಿಯ ಗದ್ದಲ ಒಮ್ಮೆಗೇ ತಗ್ಗುವುದುಂಟು. 1975ರ ಜೂನ್‌ನಲ್ಲಿ ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಿತವಾಯಿತು. ಅದನ್ನು ವಿರೋಧಿಸಿದ ಸಮಾಜವಾದಿಗಳ ಸ್ನೇಹವಲಯದಲ್ಲಿದ್ದ ಸ್ನೇಹಲತಾ ಅವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇರಿಸಲಾಯಿತು. ಅವರಿಗೆ ಉಬ್ಬಸದ ಬೇನೆ ಇತ್ತು. ಎಂಟು ತಿಂಗಳ ಸೆರೆಯಲ್ಲಿ ಅದು ಉಲ್ಬಣಿಸಿತು. ಸೆರೆಮನೆಯಲ್ಲಿ ಅವರು ದಿನಚರಿ ಬರೆದರು; ಜೊತೆಯ ಸ್ತ್ರೀ ಕೈದಿಗಳ ಪರವಾಗಿ ಅಧಿಕಾರಿಗಳೊಡನೆ ವಾದಿಸಿದರು. 1977ರ ಜನವರಿ 15ರಂದು ಅವರನ್ನು ಪೆರೋಲಿನ ಮೇಲೆ ಹೊರಗೆ ಬಿಟ್ಟರು. ಐದು ದಿನಗಳ ಮೇಲೆ, ಜನವರಿ 20ರಂದು, ಅವರು ತೀರಿಕೊಂಡರು. ಒಂದು ಹೆಣಕ್ಕೆ ನ್ಯಾಯ ದೊರಕಿಸಲು ಇಡೀ ಅಗ್ರಹಾರದ ಬಾಗಿಲುಗಳನ್ನು ತಟ್ಟಿದ ಚಂದ್ರಿಯನ್ನು ತೆರೆಯ ಮೇಲೆ ಮತ್ತೆ ನೋಡುವಾಗ ಇದನ್ನೆಲ್ಲ ಬಲ್ಲವರಿಗೆ ಪಾತ್ರ ಯಾವುದು, ನಟಿ ಯಾರು ಎಂದು ಬೇರ್ಪಡಿಸುವುದು ಕಷ್ಟ.

ಅದೇ ತುರ್ತುಪರಿಸ್ಥಿತಿ ಮತ್ತೊಂದು ಚಿತ್ರವನ್ನೂ ಬಲಿ ತೆಗೆದುಕೊಂಡಿತು. ಲೋಕಸಭೆಯ ಸದಸ್ಯರಾಗಿದ್ದ ಅಮೃತ ನಹಾಟಾ ಅವರು 'ಕಿಸ್ಸಾ ಕುರ್ಸೀ ಕಾ', ಎಂದರೆ ಕುರ್ಚಿಯ ಕಥೆ, ಎಂಬ ವಿಡಂಬನ ಚಿತ್ರವನ್ನು 1975ರಲ್ಲಿ ಪರೀಕ್ಷೆಗೆ ಒಪ್ಪಿಸಿದ್ದರು. ಅಧಿಕಾರದ ಹುಚ್ಚನ್ನು ಲೇವಡಿ ಮಾಡುವ ಆ ಚಿತ್ರದ ಪ್ರತಿಗಳನ್ನೂ ಮೂಲ ನೆಗೆಟಿವ್‌ಗಳನ್ನೂ ಸರಕಾರ ವಶಪಡಿಸಿಕೊಂಡಿತು. ಅವು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಅವನ್ನು ಸುಟ್ಟುಹಾಕಲಾಯಿತೆಂಬ ಆರೋಪದ ಮೇಲೆ ಮೊಕದ್ದಮೆ ನಡೆಯಿತು. 1979ರಲ್ಲಿ ಕೆಳಗಿನ ನ್ಯಾಯಾಲಯ ಶಿಕ್ಷೆ ವಿಧಿಸಿತು. ಮರುವರ್ಷ ಸರ್ವೋಚ್ಚ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದುಪಡಿಸಿತು. ನಹಾಟಾ ಅವರು ಪಟ್ಟು ಬಿಡದೆ ಅದೇ ಹೆಸರಿನಲ್ಲಿ ಚಿತ್ರವನ್ನು ಎರಡನೆಯ ಸಲ ತೆಗೆದರು. 1978ರಲ್ಲಿ ಅದು ಬಿಡುಗಡೆಯಾಯಿತು. ಮೊದಲನೆಯದು ಇದಕ್ಕಿಂತ ಮೇಲಾಗಿತ್ತೆಂದು ಅಭಿಮಾನಿಗಳಲ್ಲಿ ಕೆಲವರು ಖಚಿತವಾಗಿ ಹೇಳುತ್ತಾರೆ. ನೋಡದ ಚಿತ್ರವನ್ನು ಹೊಗಳುವ ಈ ಚಟ ನಿಷೇಧದ ಮತ್ತೊಂದು ಫಲ. ಕಣ್ಣಿಗೆ ಬೀಳದ ಚಿತ್ರ ಮನಸ್ಸಿನಲ್ಲಿ ಬೆಳೆಯುತ್ತ ಹೋಗುತ್ತದೆ. ಅದರ ಕುಂದುಗಳನ್ನು ತೋರಿಸಿಕೊಡಲು ಅದೇ ಇರುವುದಿಲ್ಲ.

ಸೆನ್ಸಾರ್ ಮಂಡಳಿಯ ಹೆಸರು 1983ರಲ್ಲಿ ಬದಲಾಗಿ ಚಲನಚಿತ್ರ ಪ್ರಮಾಣೀಕರಣ ಮಂಡಳಿಯೆಂದಾಯಿತು. ಅದರ ತೀರ್ಮಾನದ ಮೇಲೆ ಮೇಲ್ಮನವಿ ಕೇಳಲು ಏರ್ಪಾಡಾಗಿದ್ದ ನ್ಯಾಯಮಂಡಳಿಯನ್ನು 2021ರಲ್ಲಿ ರದ್ದುಪಡಿಸಿದ ಮೇಲೆ, ಒಪ್ಪದವರು ಉಚ್ಚ ನ್ಯಾಯಾಲಯಕ್ಕೇ ಹೋಗಬೇಕಾಗಿದೆ. ಇವು ಕಾಯಿದೆಯ ವಿವರಗಳು. ಅಭಿಮಾನಿಗಳಿಗೆ ಹೆಚ್ಚು ಹತ್ತಿರವಾದ ದಾರಿ ಬೇರೊಂದಿತ್ತು, ಅದೇ ಚಿತ್ರಸಮಾಜಗಳದು. 1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸಗುಪ್ತ ಮೊದಲಾದವರು ಕಲಕತ್ತೆಯಲ್ಲಿ ಇಂಥ ಸಮಾಜವನ್ನು ಕಟ್ಟಿದರು. ಬ್ರಿಟನ್ನಿನಲ್ಲಿ ಬಹುಕಾಲ ನಿಷೇಧಕ್ಕೊಳಗಾಗಿದ್ದ ಐಸೆನ್‌ಸ್ಟೈನರ 'ಬ್ಯಾಟಲ್‌ಷಿಪ್ ಪೊಟೆಂಕಿನ್' ಚಿತ್ರವನ್ನು ಅವರು ಆಗಲೇ ತಮ್ಮ ಸದಸ್ಯರಿಗೆ ತೋರಿಸಿದ್ದರು. ಬೆಂಗಳೂರಿನಲ್ಲಿ 1971ರಲ್ಲಿ 'ಸುಚಿತ್ರ' ಆರಂಭವಾಯಿತು. ಇವೆಲ್ಲ ನಗರದವರ, ಓದಿದವರ ಕೂಟಗಳೆಂಬ ಆಕ್ಷೇಪಣೆ ಇತ್ತು. ಅದಕ್ಕೆ ಉತ್ತರ ಸಿಕ್ಕಿದುದು ಮಲೆನಾಡಿನ ಒಂದು ಸಣ್ಣ ಹಳ್ಳಿಯಲ್ಲಿ.

ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು ನೀನಾಸಂ ಸಂಸ್ಥೆಯ ಅಂಗವಾಗಿ 1973ರಲ್ಲಿ ಚಿತ್ರಸಮಾಜವನ್ನು ತೆರೆದರು. ಸುತ್ತಲಿನವರು ಅಡಕೆ ಬೆಳೆಗಾರರು, ತೋಟದ ಕೆಲಸದವರು, ಶಾಲೆಯ ಮೇಷ್ಟರುಗ‍ಳು. ಪುಣೆಯಿಂದ ನಾಯರ್ ಅವರು ಜಗತ್ತಿನ ಶ್ರೇಷ್ಠ ಚಿತ್ರಗಳ ಸುರುಳಿಗಳನ್ನು ಈ ಹಳ್ಳಿಗೆ ಕಳುಹಿಸಿದರು, ತಾವೂ ಬಂದರು. ಚಿತ್ರವನ್ನು ನೋಡುವುದು ಹೇಗೆಂದು ತಿಳಿಸಿಕೊಡಲು ಪುಣೆಯ ಪ್ರಾಧ್ಯಾಪಕ ಸತೀಶ ಬಹಾದ್ದೂರ್ ಬಂದರು. ಅಕ್ಷರವಿಲ್ಲದವರು ಇಂಥ ಚಿತ್ರಗಳನ್ನು ಅರಿಯಲಾರರೆಂಬ ಅಳುಕು ಎಲ್ಲರಿಗೂ ಇತ್ತು. ಆದರೆ 'ಪಥೇರ್ ಪಾಂಚಾಲಿ'ಯ ಮುದುಕಿಯನ್ನು ಹೆಗ್ಗೋಡಿನ ಹೆಂಗಸರು ತಮ್ಮ ಕೇರಿಯವಳಂತೆಯೇ ಗುರುತಿಸಿದರು. ಜಪಾನಿನ ಕುರೊಸಾವಾ ಅವರ 'ರಾಶೋಮೊನ್' ಅಲ್ಲಿನವರ ಮಾತುಕತೆಗೆ ದೊಡ್ಡ ವಸ್ತುವಾಯಿತು. ಕಾಡಿನಲ್ಲಿ ನಡೆದ ಒಂದು ಕೊಲೆಯನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳುವ ಚಿತ್ರ ಅದು. ನಿಜ ಯಾವುದೆಂದು ಕೊನೆಗೂ ಬಾಯಿಬಿಡುವುದಿಲ್ಲ. ಕೋರ್ಟು ಕಚೇರಿ ಬಲ್ಲ ರೈತರಿಗೆ ಇದಕ್ಕಿಂತ ಪರಿಚಿತವಾದ ವಿಷಯ ಯಾವುದಿದ್ದೀತು?

ಇಂದು ಚಿತ್ರಗಳು ಡಬ್ಬಿಗಳಲ್ಲಿ ಬರುವುದಿಲ್ಲ. ಅಂಗೈಯ ಯಂತ್ರದಲ್ಲಿಯೇ 'ಸಂಸ್ಕಾರ'ವನ್ನೂ 'ಭೂಕೈಲಾಸ'ವನ್ನೂ ನೋಡಬಹುದು. ಹಾಗಾಗಿ ರಾಜಕುಮಾರ್ ಮತ್ತು ರಾಮರಾಯರ ವ್ಯಾಜ್ಯ ಸಾಕ್ಷಿಸಮೇತ ನಡೆಯುತ್ತದೆ. ಕಾರ್ನಾಡರ ವಯಸ್ಸಿನ ತಕರಾರೂ ನಡೆಯುತ್ತದೆ. ನಾಗೇಂದ್ರರಾಯರ ರಾವಣನ ಸರದಿ ಬಂದಾಗ ಮಾತ್ರ ಎಲ್ಲರೂ ಹಳೆಯ ಸ್ಥಿರಚಿತ್ರವೊಂದನ್ನು ಮುಂದಿಟ್ಟುಕೊಂಡು ಸುಮ್ಮನಾಗಬೇಕಾಗುತ್ತದೆ. ಯಾವುದೋ ಊರಿನ ಟೆಂಟು ಸಿನಿಮಾದ ಮಾಲೀಕರ ಮನೆಯ ಅಟ್ಟದ ಮೇಲೆ ತುಕ್ಕು ಹಿಡಿದ ಡಬ್ಬಿಗಳು ಸಿಕ್ಕಿವೆ ಎಂಬ ಸುದ್ದಿ ಬಂದರೆ ಈಗಲೂ ಒಬ್ಬಿಬ್ಬರು ಅಭಿಮಾನಿಗಳು ಬಸ್ಸು ಹಿಡಿದು ಹೊರಡುತ್ತಾರೆ. ಮುಚ್ಚಳ ತೆಗೆಯುವ ಮುನ್ನ ಅವರು ಮೊದಲು ಮೂಸಿ ನೋಡುತ್ತಾರೆ. ಕೊಳೆತ ಫಿಲ್ಮಿಗೆ ಹುಳಿಯ ವಾಸನೆ ಇರುತ್ತದೆ.